ಪೂರ್ವಿಯ ದನಿ ಶಾಲೆಗೆ ಬಂದ ವರ್ಷ

ಕಳೆದ ತಿಂಗಳು ನಮ್ಮ ಕನ್ನಡ ಶಾಲೆಯ ಮಕ್ಕಳ ನಾಟಕಕ್ಕೆಂದು ಅಮೆರಿಕದ ಎಲಿಕಾಟ್ ಸಿಟಿಯ ಒಂದು ಎಲಿಮೆಂಟರಿ ಶಾಲೆಯ ಕೆಫೆಟೇರಿಯಾವನ್ನು ಬಾಡಿಗೆಗೆ ಹಿಡಿದಿದ್ದರು. ಗೋಡೆಗೆ ಮಡಚಿಟ್ಟ ಉದ್ದನೆಯ ಮೇಜುಗಳನ್ನು ಬಿಡಿಸಲು ನಾವು ನಾಲ್ಕಾರು ಮಂದಿ ಬೇಗ ಹೋಗಿದ್ದೆವು. ಬಾಗಿಲು ತೆಗೆದದ್ದೇ ತಡ, ನೆಲಕ್ಕೆ ಹಚ್ಚಿದ ಪಾಲಿಶ್, ತಣ್ಣಗಾದ ಪಿಜ್ಜಾ, ಚೆಲ್ಲಿ ಒರೆಸಿದ ಹಾಲು, ಇಷ್ಟೂ ಕಲೆತ ಒಂದು ವಾಸನೆ ಮುಖಕ್ಕೆ ಬಡಿಯಿತು. ಕೈಯಲ್ಲಿದ್ದ ಚಕ್ಕುಲಿ ಡಬ್ಬಿಯನ್ನು ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟೆ. ನಾವು ಊರಿನ ಇನ್ನೊಂದು ಬದಿಗೆ ಮನೆ ಬದಲಾಯಿಸಿದ ಮೇಲೆ ಮಗಳು ಓದಿದ ಈ ಶಾಲೆಯೊಳಗೆ ಕಾಲಿಟ್ಟಿರಲಿಲ್ಲ.

"ಅಮ್ಮಾ, ಮೂವ್! ಟೇಬಲ್ ಬೀಳ್ತದೆ!" ಎಂದು ಹಿಂದಿನಿಂದ ಪೂರ್ವಿ ಕೂಗಿದಳು. ಖಾಲಿ ಕೆಫೆಟೇರಿಯಾದಲ್ಲಿ ಅವಳ ದನಿ ಈ ಗೋಡೆಗೂ ಆ ಗೋಡೆಗೂ ತಾಗಿ ಬಂತು. ಅಲ್ಲಿದ್ದವರಿಗೆ ಅದು ಬರೀ ಒಬ್ಬ ಮಿಡ್ಲ್ ಸ್ಕೂಲ್ ಹುಡುಗಿಯ ಗದ್ದಲ. ಅದೇ ಗೋಡೆಗಳ ನಡುವೆ ಆ ದನಿ ಕೇಳಲೆಂದು ನಾವು ಕಾದು ಕಳೆದ ಆ ಒಂದು ವರ್ಷ ನನ್ನ ಕಣ್ಣೆದುರು ಬಂದದ್ದು ಅವರಿಗೆ ಹೇಗೆ ತಿಳಿಯಬೇಕು?

ಅದು 2021ರ ಆಗಸ್ಟ್ ಕೊನೆಗೆ ಶುರುವಾಗಿ ಮರುವರ್ಷದ ಜೂನ್‌ನಲ್ಲಿ ಮುಗಿದ ಶಾಲೆಯ ವರ್ಷ. ಪೂರ್ವಿ ಎರಡನೇ ಕ್ಲಾಸು. ಹಿಂದಿನ ವರ್ಷವೆಲ್ಲ ಅವಳು ನಮ್ಮ ಊಟದ ಮೇಜಿನ ಮೇಲೆ ಸ್ಕ್ರೀನ್ ಇಟ್ಟುಕೊಂಡು ಓದಿದ್ದಳು. ಹೆಸರು ಕರೆದರೆ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ಪ್ರಶ್ನೆ ಕೇಳಿದರೆ ಉತ್ತರ ಟೈಪ್ ಮಾಡುತ್ತಿದ್ದಳು. ಮೈಕ್ ಸದಾ ಮ್ಯೂಟ್‌ನಲ್ಲಿ. ಆಗ ಯಾರ ಮೈಕ್ ತಾನೇ ಮ್ಯೂಟ್‌ನಲ್ಲಿರಲಿಲ್ಲ? ಅದಕ್ಕೂ ಹಿಂದೆ ಕಿಂಡರ್‌ಗಾರ್ಟನ್ ಟೀಚರ್ "ಸ್ವಲ್ಪ ನಾಚಿಕೆ ಸ್ವಭಾವ" ಎಂದಿದ್ದರು. ನಾವು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆವು.

ಮನೆಯಲ್ಲಿ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಅಳಿಲಿನ ಜೊತೆ, ಬೊಂಬೆಯ ಜೊತೆ, ಪುತ್ತೂರಿನಲ್ಲಿರುವ ನನ್ನ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿ, ಯಾರೂ ಸಿಗದಿದ್ದರೆ ಫ್ರಿಜ್‌ನ ಜೊತೆ ಮಾತಾಡುತ್ತಿದ್ದಳು. ನನ್ನ ಗಂಡ ಸುಧಾಕರ್ ಆಗ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಆಫೀಸಿನ ಕಾಲ್ ಇದ್ದಾಗ ಅವಳ ಬಾಯಿ ಮುಚ್ಚಿಸಲು ಪಾಪ್‌ಕಾರ್ನ್ ಕೊಡಬೇಕಾಗುತ್ತಿತ್ತು.

ಅಕ್ಟೋಬರಿನ ಒಂದು ಸಂಜೆ ಅವಳ ಕ್ಲಾಸ್ ಟೀಚರ್ ಮಿಸೆಸ್ ಡಾಲ್ಟನ್ ಫೋನ್ ಮಾಡಿದರು. ನಾನು ಲ್ಯಾಬ್ ಕೆಲಸ ಮುಗಿಸಿ ಆಗಷ್ಟೇ ಬಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸ್ಪೀಕರ್‌ನಲ್ಲಿಟ್ಟೆ. ಅವರು ತುಂಬ ಮೆತ್ತಗೆ, ಮಾತುಗಳನ್ನು ಆರಿಸಿ ಆರಿಸಿ ಹೇಳಿದರು. ಪೂರ್ವಿ ಓದುತ್ತಾಳೆ, ಬರೆಯುತ್ತಾಳೆ, ಎಲ್ಲವೂ ಅರ್ಥವಾಗುತ್ತದೆ. ಆದರೆ ಶಾಲೆ ಶುರುವಾದಂದಿನಿಂದ ಒಂದು ಶಬ್ದವೂ ಆಡಿಲ್ಲ. ತಮ್ಮ ಹತ್ತಿರವೂ ಇಲ್ಲ, ಮಕ್ಕಳ ಹತ್ತಿರವೂ ಇಲ್ಲ. ನಿನ್ನೆ ಆಟದ ಬಯಲಿನಲ್ಲಿ ಬಿದ್ದು ಮಂಡಿ ಒಡೆದುಕೊಂಡಳು. ಆಗಲೂ ದನಿ ತೆಗೆದು ಅಳಲಿಲ್ಲ.

ನಾನೂ ಸುಧಾಕರರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪಕ್ಕದ ಕೋಣೆಯಲ್ಲಿ ಪೂರ್ವಿ, ಪೋರ್ಚ್‌ನಲ್ಲಿಟ್ಟ ಕುಂಬಳಕಾಯಿಯನ್ನು ಅಳಿಲು ಹೇಗೆ ಕೊರೆಯಿತೆಂದು ಅಜ್ಜಿಗೆ ಅಭಿನಯಿಸಿ ಹೇಳುತ್ತಿದ್ದಳು.

"ಹಿಂದೆ ಒಂದು ಮಗು ಮಾತಾಡ್ತಾ ಇದೆಯಲ್ಲ," ಎಂದರು ಮಿಸೆಸ್ ಡಾಲ್ಟನ್. "ಪೂರ್ವಿಯ ತಂಗಿಯಾ?"

"ಅಲ್ಲ," ಎಂದೆ. "ಅದು ಪೂರ್ವಿ."

ಅವರು, "ನಾನು ಸ್ವಲ್ಪ ಹೊತ್ತು ಸುಮ್ಮನೆ ಕೇಳಬಹುದಾ?" ಎಂದರು.

ನಾನು ಫೋನನ್ನು ಕೋಣೆಯ ಬಾಗಿಲ ಕಡೆ ಹಿಡಿದು ನಿಂತೆ. ಒಲೆಯ ಮೇಲೆ ಒಗ್ಗರಣೆ ಕರಟಿಹೋಯಿತು. ಎರಡು ತಿಂಗಳಿಂದ ದಿನವೂ ಕಣ್ಣೆದುರು ಇದ್ದ ಮಗುವಿನ ದನಿಯನ್ನು ಅವರು ಅಂದು ಮೊದಲ ಸಲ ಕೇಳುತ್ತಿದ್ದರು. ಒಂದು ಶಬ್ದವೂ ಅರ್ಥವಾಗದ ಭಾಷೆಯಲ್ಲಿ.

ಇಷ್ಟಾದ ಮೇಲೂ ನಾವು ಶಾಲೆಗೆ ಹೋಗಲಿಲ್ಲ. ಮೀಟಿಂಗಿಗೆ ಬನ್ನಿ ಎಂದು ಇಮೇಲ್ ಬಂತು. "ಈ ವಾರ ಬಿಸಿ" ಎಂದೆವು. ಇನ್ನೊಂದು ಬಂತು, ಉತ್ತರ ಕೊಡಲಿಲ್ಲ.

"ಗಲಾಟೆ ಮಾಡುದಿಲ್ಲ, ಪಾಠ ಬರ್ತದೆ. ಮತ್ತೆ ಎಂತ ಆಗ್ಬೇಕು ಅವ್ರಿಗೆ?" ಎಂದು ಸುಧಾಕರ್ ರೇಗಿದರು. "ನಾವೆಲ್ಲ ಕ್ಲಾಸಲ್ಲಿ ಮಾತಾಡ್ತಿದ್ದೆವಾ?"

ಎದುರಿನ ಸಾಲಿನ ಟೌನ್‌ಹೌಸ್‌ನಲ್ಲಿದ್ದ ಫ್ಲೇವಿಯಾಳೂ ಅದನ್ನೇ ಹೇಳಿದಳು. ಅವಳು ಮೂಡಬಿದಿರೆ ಕಡೆಯವಳು, ಇಲ್ಲಿ ನರ್ಸ್, ನನಗಿಂತ ಹತ್ತು ವರ್ಷ ಮೊದಲು ಈ ದೇಶಕ್ಕೆ ಬಂದವಳು. "ಹೋಗ್ಬೇಡ ಮಾರಾಯ್ತಿ. ಅವ್ರು ಒಂದು ಕಾಯಿಲೆಯ ಹೆಸರು ಇಡ್ತಾರೆ. ಆ ಹೆಸರು ಕಾಲೇಜಿನ ತನಕ ಮಗುವಿನ ಹಿಂದೆಯೇ ಬರ್ತದೆ. ಅದಾಗಿ ಅದೇ ಸರಿ ಆಗ್ತದೆ, ನೋಡ್ತಾ ಇರು."

ಸುಧಾಕರ್ ರೇಗಿದ್ದು ಸಿಟ್ಟಿನಿಂದಲ್ಲ ಎಂದು ನನಗೆ ಗೊತ್ತಿತ್ತು. ಅವರು ಕಾರ್ಕಳದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಓದಿದವರು. ಅವರ ಅಪ್ಪನನ್ನು ಹೆಡ್ಮಾಷ್ಟ್ರು ಒಮ್ಮೆ ಕರೆಸಿದ್ದರಂತೆ. ಆ ಅಪ್ಪ ತಲೆಗೆ ಸುತ್ತಿದ ಬೈರಾಸು ವಸ್ತ್ರವನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು, ಹೊಸ್ತಿಲಿನ ಹೊರಗೇ ನಿಂತು, ಕೇಳಿದ್ದಕ್ಕೆಲ್ಲ "ಹೌದು ಮಾಷ್ಟ್ರೇ" ಎಂದು ಬಂದರಂತೆ. ಮನೆಗೆ ಬಂದು ಮಗನಿಗೆ ಹೊಡೆಯಲಿಲ್ಲ. ಆದರೆ ಮತ್ತೆ ಯಾವತ್ತೂ ಶಾಲೆಯ ದಾರಿಯಲ್ಲಿ ನಡೆಯಲಿಲ್ಲ, ಪೇಟೆಗೆ ಸುತ್ತುಬಳಸಿ ಹೋಗುತ್ತಿದ್ದರಂತೆ. ಶಾಲೆಯಿಂದ ಕರೆ ಬಂತೆಂದರೆ ಮರ್ಯಾದೆ ಹೋಯಿತೆಂದೇ ಸುಧಾಕರ್ ಕಲಿತ ಅರ್ಥ.

ಎಲೆಗಳೆಲ್ಲ ಕೆಂಪಾಗಿ ಉದುರುತ್ತಿದ್ದ ಒಂದು ಶನಿವಾರ ಬಾಗಿಲ ಗಂಟೆ ಸದ್ದಾಯಿತು. ಮಾಸ್ಕ್ ಹಾಕಿಕೊಂಡ ಒಬ್ಬ ಗಿಡ್ಡನೆಯ ಹೆಂಗಸು ಒಂದು ಚೀಲದ ತುಂಬ ಪರ್ಸಿಮನ್ ಹಣ್ಣು ಹಿಡಿದು ಮೆಟ್ಟಿಲಿಳಿದು ದೂರ ನಿಂತಿದ್ದರು. ಅವರು ಮಿಸೆಸ್ ಹಾನ್. ಕೊರಿಯಾದಲ್ಲಿ ಹುಟ್ಟಿ ಬಾಲ್ಟಿಮೋರಿನಲ್ಲಿ ಬೆಳೆದವರು. ಶಾಲೆಗೂ ನಮ್ಮಂಥ ಏಷ್ಯಾದ ಮನೆಗಳಿಗೂ ನಡುವೆ ಓಡಾಡುವುದೇ ಅವರ ಕೆಲಸ. ಹಣ್ಣು ತಮ್ಮ ಮನೆಯ ಮರದ್ದು ಎಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ; ಕೋವಿಡ್ ಕಾಲ. ನಾವೇ ಹೊರಗೆ ಹೋಗಿ ಪೋರ್ಚ್‌ನಲ್ಲಿ ಕೂತೆವು.

ಅವರು ಪೂರ್ವಿಯ ಸುದ್ದಿ ಎತ್ತಲೇ ಇಲ್ಲ. ತಮ್ಮ ತಾಯಿಯ ಬಗ್ಗೆ ಹೇಳಿದರು. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಆ ತಾಯಿ ಮಗಳ ಶಾಲೆಗೆ ಒಂದು ದಿನವೂ ಬಂದವರಲ್ಲ. "ಟೀಚರ್ ಎಂದರೆ ಅಷ್ಟು ಭಕ್ತಿ ಅವಳಿಗೆ. ಟೀಚರ ಕೆಲಸದಲ್ಲಿ ತಲೆ ಹಾಕಬಾರದು ಅಂತ. ಆದರೆ ಟೀಚರ್ ನನ್ನನ್ನು ಕೇಳುತ್ತಿದ್ದರು, ನಿನ್ನ ಮನೆಯಲ್ಲಿ ಯಾರೂ ನಿನ್ನನ್ನು ನೋಡಿಕೊಳ್ಳುವುದಿಲ್ಲವಾ ಅಂತ."

ಸುಧಾಕರ್ ತಲೆ ಎತ್ತಿ ನೋಡಿದರು.

"ನೀವು ಗೌರವ ಎಂದುಕೊಂಡು ದೂರ ನಿಲ್ಲುತ್ತೀರಿ. ಅವರು ದೂರ ನಿಂತದ್ದನ್ನು ನೋಡಿ, ಇವರಿಗೆ ಬೇಕಾಗಿಲ್ಲ ಎಂದುಕೊಳ್ಳುತ್ತಾರೆ. ಎರಡೂ ಕಡೆಯವರು ಒಳ್ಳೆಯವರೇ," ಎಂದರು ಮಿಸೆಸ್ ಹಾನ್. "ಮಗು ಮಾತ್ರ ನಡುವೆ ಒಂಟಿ." ಎದ್ದು ಹೊರಡುವಾಗ ಒಂದೇ ಮಾತು ಸೇರಿಸಿದರು: "ಶಾಲೆ ನಿಮ್ಮನ್ನು ಕರೆಯುತ್ತಿರುವುದು ಬೈಯುವುದಕ್ಕಲ್ಲ. ನಿಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ, ಅದಕ್ಕೆ."

ಮರುದಿನ ಬೆಳಿಗ್ಗೆ ದೋಸೆ ತಿನ್ನುತ್ತಾ ಸುಧಾಕರ್, "ನಾನು ಹೋಗ್ತೇನೆ. ನೀನೂ ರಜೆ ಹಾಕು," ಎಂದರು.

ಆ ಮೀಟಿಂಗನ್ನು ನಾನು ಸಾಯುವವರೆಗೆ ಮರೆಯಲಾರೆ. ಆಗ ಹೊರಗಿನವರನ್ನು ಶಾಲೆಯೊಳಗೆ ಬಿಡುತ್ತಿರಲಿಲ್ಲ. ನಮಗೆ ವಿಶೇಷ ಅನುಮತಿ ಪಡೆದು, ಎದೆಗೆ ಹೆಸರಿನ ಸ್ಟಿಕರ್ ಅಂಟಿಸಿ, ಮಕ್ಕಳ ಚಿತ್ರಗಳು ತೂಗುತ್ತಿದ್ದ ಕಾರಿಡಾರಿನಲ್ಲಿ ಕರೆದೊಯ್ದರು. ಒಂದು ದುಂಡು ಮೇಜು, ಮಕ್ಕಳ ಅಳತೆಯ ತಗ್ಗು ಕುರ್ಚಿಗಳು. ಪ್ರಿನ್ಸಿಪಾಲ್, ಮಿಸೆಸ್ ಡಾಲ್ಟನ್, ಶಾಲೆಯ ಕೌನ್ಸೆಲರ್, ಮಾತಿನ ತೊಂದರೆ ನೋಡುವ ಥೆರಪಿಸ್ಟ್, ಮಿಸೆಸ್ ಹಾನ್, ಎಲ್ಲರೂ ಮಂಡಿ ಎದೆಗೆ ತಾಗುವ ಹಾಗೆ ಆ ಪುಟ್ಟ ಕುರ್ಚಿಗಳಲ್ಲಿ ಕೂತಿದ್ದರು. ಎಲ್ಲರೂ ನನ್ನ ಒಬ್ಬ ಮಗಳಿಗಾಗಿ. ನಾವು ಕೂತದ್ದೇ ಪ್ರಿನ್ಸಿಪಾಲ್ ಸುಧಾಕರರತ್ತ ತಿರುಗಿ, "ನೀವು ಅವಳ ಬಗ್ಗೆ ಹೇಳಿ. ನಾವು ಕಲಿಯಬೇಕು," ಎಂದರು.

ಹೊಸ್ತಿಲ ಹೊರಗೆ ನಿಂತವರ ಮಗ ಆ ಮಾತನ್ನು ಕೇಳಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ.

ಕೌನ್ಸೆಲರ್ ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರೆ. ಹಟವಲ್ಲ, ದಡ್ಡತನವಲ್ಲ. ಕೆಲವು ಮಕ್ಕಳಿಗೆ ಕೆಲವು ಜಾಗಗಳಲ್ಲಿ ಭಯದಿಂದ ಗಂಟಲು ಬೀಗ ಹಾಕಿದ ಹಾಗಾಗುತ್ತದೆ. ಮಾತಾಡು ಎಂದು ಒತ್ತಾಯಿಸಿದಷ್ಟೂ ಬೀಗ ಬಿಗಿಯುತ್ತದೆ. ಅವಳು ನಿಮ್ಮ ಜೊತೆ ನಿರ್ಭಯವಾಗಿ ಮಾತಾಡುತ್ತಾಳೆ. ಹಾಗಾದರೆ ನೀವೇ ಇಲ್ಲಿಗೆ ಬನ್ನಿ. ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ಅವಳ ಜೊತೆ ಆಡಿ. ಅವಳ ದನಿ ಮೊದಲು ಈ ಕೋಣೆಗೆ ಅಭ್ಯಾಸವಾಗಲಿ. ಆಮೇಲೆ ಟೀಚರ್ ಸ್ವಲ್ಪ ಸ್ವಲ್ಪವೇ ಹತ್ತಿರ ಬರಲಿ.

"ಯಾವ ಆಟ?" ಎಂದು ಸುಧಾಕರ್ ಕೇಳಿದರು.

"ಅವಳಿಗೆ ಖುಷಿ ಕೊಡುವ ಯಾವುದಾದರೂ. ಬಾಯಿ ಬಿಟ್ಟು ಎಣಿಸುವಂಥದ್ದಾದರೆ ಇನ್ನೂ ಒಳ್ಳೆಯದು."

ಮನೆಗೆ ಮರಳುವ ದಾರಿಯಲ್ಲಿ ಸುಧಾಕರ್ ಕಾರನ್ನು ಗ್ರೋಸರಿ ಅಂಗಡಿಗೆ ತಿರುಗಿಸಿ ಮೊಟ್ಟೆ ತಂದರು. ಮೊಟ್ಟೆಗಳನ್ನೆಲ್ಲ ಬೋಗುಣಿಗೆ ಹಾಕಿ, ಖಾಲಿಯಾದ ರಟ್ಟಿನ ಡಬ್ಬಕ್ಕೆ ಇನ್ನೊಂದು ಡಬ್ಬದಿಂದ ಕತ್ತರಿಸಿದ ಗುಳಿಗಳನ್ನು ಅಂಟಿಸಿದರು. ಒಂದೊಂದು ಬದಿಗೆ ಏಳು ಗುಳಿ. ಪ್ರತಿ ಗುಳಿಗೆ ನಾಲ್ಕು ರಾಜ್ಮಾ ಕಾಳು. ಚೆನ್ನೆಮಣೆ, ಘಟ್ಟದ ಮೇಲಿನವರ ಅಳಗುಳಿಮಣೆ! ಆಟಿ, ಅಂದರೆ ಆಷಾಢದ ಮಳೆಯಲ್ಲಿ ತಮ್ಮ ಅಕ್ಕಂದಿರ ಜೊತೆ ಆಡುತ್ತಿದ್ದ ಆಟವನ್ನು ಅವರು ಮಗಳಿಗೆ ಆ ವರ್ಷದ ಬೇಸಗೆಯಲ್ಲಿ ಕಲಿಸಿದ್ದರು. ಕಾಳು ಹಾಕುತ್ತಾ ಹೋಗುವಾಗ ಅವಳು ಗಟ್ಟಿಯಾಗಿ ಕನ್ನಡದಲ್ಲಿ ಎಣಿಸಬೇಕು. ಅದು ಅವರ ನಿಯಮ.

ನವೆಂಬರಿನಿಂದ ಅವರು ವಾರಕ್ಕೆ ಮೂರು ದಿನ ಶಾಲೆಗೆ ಹೋದರು. ಬೇರೆ ಮಕ್ಕಳು ಬಸ್ಸು ಹತ್ತುವಾಗ ಇವರು ಮೊಟ್ಟೆ ಡಬ್ಬ ಹಿಡಿದು ಒಳಗೆ. ಮೊದಲ ವಾರಗಳಲ್ಲಿ ಪೂರ್ವಿ ಖಾಲಿ ಕ್ಲಾಸಿನಲ್ಲೂ ಮಾತಾಡಲಿಲ್ಲವಂತೆ. ಕಾಳನ್ನು ಸದ್ದಾಗದಂತೆ ಗುಳಿಗೆ ಇಳಿಸುತ್ತಿದ್ದಳಂತೆ. ಸುಧಾಕರ್ ಒಬ್ಬರೇ ಎಣಿಸುತ್ತಿದ್ದರು. ಒಂದು ದಿನ ಅವರು ಬೇಕೆಂದೇ ಮೋಸ ಮಾಡಿ ಎರಡು ಕಾಳು ಹೆಚ್ಚು ಎತ್ತಿಕೊಂಡಾಗ, "ಅಪ್ಪಾ! ಚೀಟಿಂಗ್!" ಎಂದು ಅವಳು ಪಿಸುಗುಟ್ಟಿದಳು. ಆ ಕೋಣೆಯಲ್ಲಿ ಅವಳ ಮೊದಲ ಮಾತು ಅದು.

ಅಂದು ಸುಧಾಕರ್ ನನಗೆ ಲ್ಯಾಬ್‌ಗೆ ಫೋನ್ ಮಾಡಿ, "ಗೊತ್ತುಂಟಾ, ನಾನು ಕಳ್ಳ ಅಂತೆ," ಎಂದು ನಗುತ್ತಾ ಹೇಳಿದರು.

ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲೆ ಮಿಸೆಸ್ ಡಾಲ್ಟನ್ ಕಾರಿಡಾರಿನಲ್ಲಿ ಓಡಾಡತೊಡಗಿದರು. ಅವರ ಹೆಜ್ಜೆ ಸದ್ದು ಕೇಳಿದರೆ ಪೂರ್ವಿಯ ಎಣಿಕೆ ನಿಲ್ಲುತ್ತಿತ್ತು. ಸದ್ದು ದೂರವಾದರೆ ಮತ್ತೆ ಶುರು. ಅವರು ಮೆತ್ತನೆಯ ಅಡಿಯ ಶೂ ತಂದರು. ಡಿಸೆಂಬರಿನಲ್ಲಿ ಬಾಗಿಲವರೆಗೆ ಬಂದರು. ಇನ್ನೇನು ಒಳಗೆ ಕಾಲಿಡಬೇಕು, ರಜೆ ಬಂತು. ರಜೆಯ ಹಿಂದೆಯೇ ಓಮಿಕ್ರಾನ್. ಟೀಚರಿಗೆ ಸೋಂಕು, ಆಮೇಲೆ ನಮಗೆ. ಜನವರಿಯ ಹಿಮದಲ್ಲಿ ಶಾಲೆಗೆ ಮರಳಿದಾಗ ಪೂರ್ವಿ ಮತ್ತೆ ಕಲ್ಲಿನ ಹಾಗೆ. ಎಲ್ಲವೂ ಮೊದಲಿನಿಂದ.

ನಾನು ಸೋತುಹೋದೆ. "ಸಾಕು, ಫ್ಲೇವಿಯಾ ಹೇಳಿದ ಹಾಗೆ ಅದಾಗಿಯೇ ಸರಿಯಾಗ್ಲಿ," ಎಂದೆ.

"ಇಷ್ಟು ದಿನ ಅದಾಗಿಯೇ ಸರಿಯಾಗ್ಲಿ ಅಂತಲೇ ಬಿಟ್ಟದ್ದಲ್ವಾ?" ಎಂದರು ಸುಧಾಕರ್. ಅಷ್ಟು ಹೇಳಿ ಮೊಟ್ಟೆ ಡಬ್ಬದ ಹರಿದ ಮೂಲೆಗೆ ಟೇಪ್ ಹಚ್ಚತೊಡಗಿದರು. ಆ ಮನುಷ್ಯನಲ್ಲಿ ಇಂಥ ತಾಳ್ಮೆ ಉಂಟೆಂದು ಮದುವೆಯಾಗಿ ಅಷ್ಟು ವರ್ಷವಾದರೂ ನನಗೆ ತಿಳಿದಿರಲಿಲ್ಲ. ನೆಟ್‌ವರ್ಕ್ ನಿಧಾನವಾದರೆ ಲ್ಯಾಪ್‌ಟಾಪ್ ಕುಕ್ಕುವ ಜನ ಅದು.

ಫೆಬ್ರವರಿಯ ಒಂದು ಮಧ್ಯಾಹ್ನ ಕೆಲಸದಿಂದ ಬೇಗ ಬಿಟ್ಟು ನಾನು ನೇರ ಶಾಲೆಗೆ ಹೋದೆ. ಮಿಸೆಸ್ ಹಾನ್ ನನ್ನನ್ನು ಕಾರಿಡಾರಿನಲ್ಲಿ, ಕ್ಲಾಸಿನ ಬಾಗಿಲ ಕಿರುಗಾಜಿನ ಪಕ್ಕ ನಿಲ್ಲಿಸಿದರು. ಒಳಗೆ ಓದುವ ಮೂಲೆಯ ರಗ್ಗಿನ ಮೇಲೆ ಅಪ್ಪ ಮಗಳು ಎದುರುಬದುರು ಕೂತಿದ್ದರು. ಮಿಸೆಸ್ ಡಾಲ್ಟನ್ ತಮ್ಮ ಮೇಜಿನಲ್ಲಿ ಪೇಪರ್ ತಿದ್ದುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರು ಎದ್ದರು. ಪುಸ್ತಕದ ಕಪಾಟಿನ ತನಕ ಬಂದರು. ಒಂದು ಪುಸ್ತಕ ತೆಗೆದರು, ಹಾಳೆ ತಿರುವಿದರು. ಆಮೇಲೆ, ಬೇರೇನೋ ಯೋಚಿಸುತ್ತಿರುವವರಂತೆ, ರಗ್ಗಿನ ಅಂಚಿನಲ್ಲಿ ಕೂತರು.

ಪೂರ್ವಿಯ ಕೈ ಗುಳಿಯ ಮೇಲೆಯೇ ನಿಂತಿತು. ಸುಧಾಕರ್ ತಲೆ ಎತ್ತಲಿಲ್ಲ, ಕಾದರು. ಮಕ್ಕಳು ಆಗ ಇನ್ನೂ ಮಾಸ್ಕ್ ಹಾಕುತ್ತಿದ್ದರು. ಅವಳದ್ದು ಹಳದಿ ಹೂವುಗಳ ಬಟ್ಟೆಯ ಮಾಸ್ಕ್. ಗಾಜಿನಾಚೆಯಿಂದ ಏನೂ ಕೇಳಿಸುವಂತಿರಲಿಲ್ಲ. ಆದರೆ ಅವಳ ಬೆರಳಿನಿಂದ ಒಂದು ಕಾಳು ಬಿತ್ತು, ಮಾಸ್ಕ್‌ನ ಬಟ್ಟೆ ಅಲುಗಿತು. ಇನ್ನೊಂದು ಕಾಳು ಬಿತ್ತು, ಬಟ್ಟೆ ಮತ್ತೆ ಅಲುಗಿತು.

ಮಿಸೆಸ್ ಹಾನ್ ನನ್ನ ಮಣಿಕಟ್ಟನ್ನು ಎಷ್ಟು ಬಲವಾಗಿ ಹಿಡಿದರೆಂದರೆ ಬಳೆ ಒತ್ತಿ ಗುರುತಾಯಿತು. ಒಳಗೆ ಮಿಸೆಸ್ ಡಾಲ್ಟನ್ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಆದರೆ ಅವರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದರು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಮೈ ಜುಮ್ಮೆನ್ನುತ್ತದಲ್ಲ, ಒಂದು ಶಾಲೆಯ ಕಾರಿಡಾರಿನಲ್ಲಿ ನನಗೆ ಹಾಗೆ ಆಯಿತು.

ಅಲ್ಲಿಂದ ಮುಂದೆ ಮಿಸೆಸ್ ಡಾಲ್ಟನ್ ಆಟಕ್ಕೂ ಸೇರಿಕೊಂಡರು. ಕನ್ನಡದಲ್ಲಿ ಎಣಿಸುವುದು ಕಲಿತರು. ಆರರ ತನಕ ಹೇಗೋ ದಾಟುತ್ತಿದ್ದರು, ಆಮೇಲೆ "ಏಲು" ಎನ್ನುತ್ತಿದ್ದರು. ಪೂರ್ವಿ ಅಪ್ಪನ ಕಡೆ ನೋಡಿ ಕಣ್ಣಲ್ಲೇ ನಗುತ್ತಿದ್ದಳು. ಮನೆಯಲ್ಲಿ ಅವಳ ಳಕಾರವನ್ನು ತಿದ್ದಿ ತಿದ್ದಿ ಸಾಕಾಗಿದ್ದದ್ದು ಆ ಅಪ್ಪನಿಗೇ ತಾನೆ. ಮಾರ್ಚ್‌ನಲ್ಲಿ ಮಾಸ್ಕ್ ಕಡ್ಡಾಯವಲ್ಲ ಎಂದಾಯಿತು. ರೆಡ್‌ಬಡ್ ಮರಗಳು ಎಲೆ ಬರುವ ಮೊದಲೇ ಕೊಂಬೆಗೆಲ್ಲ ಗುಲಾಬಿ ಬಣ್ಣದ ಹೂ ಅಂಟಿಸಿಕೊಂಡು ನಿಂತಿದ್ದ ಒಂದು ದಿನ, ಮಿಸೆಸ್ ಡಾಲ್ಟನ್ ಎಂದಿನಂತೆ "ಏಲು" ಎಂದರು.

"ಏಲು ಅಲ್ಲ. ಏಳು," ಎಂದಳು ಪೂರ್ವಿ. ಅಪ್ಪನಿಗಲ್ಲ. ಟೀಚರ ಮುಖ ನೋಡಿ. "ನಾಲಿಗೆ ಮೇಲೆ ಮಾಡ್ಬೇಕು. ಲೈಕ್ ದಿಸ್." ಬಾಯಿ ತೆರೆದು ನಾಲಿಗೆ ಮಡಚಿ ತೋರಿಸಿದಳು.

"ಏ...ಳು," ಎಂದರು ಮಿಸೆಸ್ ಡಾಲ್ಟನ್.

"ಗುಡ್ ಜಾಬ್," ಎಂದಳು ಅವರ ವಿದ್ಯಾರ್ಥಿನಿ, ಥೇಟ್ ಅವರದೇ ಧಾಟಿಯಲ್ಲಿ.

ಸುಧಾಕರ್ ಇದನ್ನು ಹೇಳುವಾಗ ನಾನು ಮತ್ತೆ ಮತ್ತೆ ಹೇಳಿಸಿಕೊಂಡೆ. ಇಷ್ಟು ದೊಡ್ಡ ದೇಶದ ಒಂದು ಕ್ಲಾಸಿನಲ್ಲಿ ನನ್ನ ಮಗಳು ಟೀಚರಿಗೆ ಆಡಿದ ಮೊದಲ ಮಾತು ಕನ್ನಡದ ಳಕಾರದ್ದು. ಊರಿಗೆ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ಹೇಳಿದೆ. "ಏಳು ಅಂದ್ಳಾ?" ಎಂದ ಅಮ್ಮ, "ಎದ್ಲು ಬಿಡು ಮಗ, ಇನ್ನು ಎದ್ಲು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಆಟಕ್ಕೆ ಬಂದರು. ಮೊದಲು ಯೂನಾ ಎಂಬ ಕೊರಿಯನ್ ಹುಡುಗಿ, ಆಮೇಲೆ ಇನ್ನಿಬ್ಬರು. ಏಪ್ರಿಲಿನಲ್ಲಿ ಪೂರ್ವಿ ಬೆಳಗಿನ ಹಾಜರಿಗೆ "ಹಿಯರ್" ಎಂದಳು. ಇಡೀ ಕ್ಲಾಸು ತಿರುಗಿ ನೋಡಿತಂತೆ; ಆದರೆ ಮಿಸೆಸ್ ಡಾಲ್ಟನ್ ಏನೂ ಆಗದವರಂತೆ ಮುಂದಿನ ಹೆಸರು ಕರೆದರಂತೆ. ಏನೂ ಆಗದವರಂತೆ ಇರಲು ಅವರು ಎಷ್ಟು ಕಷ್ಟಪಟ್ಟಿರಬೇಕೆಂದು ನನಗೆ ಗೊತ್ತು.

ಆಗ ಮಿಸೆಸ್ ಹಾನ್ ಮತ್ತೆ ನಮ್ಮ ಮನೆಗೆ ಬಂದರು. ಏಷ್ಯಾದ ಮನೆಗಳ ತಂದೆತಾಯಿಗಳಿಗಾಗಿ ಮೇ ತಿಂಗಳಲ್ಲಿ ಕೆಫೆಟೇರಿಯಾದಲ್ಲಿ ಒಂದು ಸಂಜೆ ಕೂಟ. ಕೋವಿಡ್ ಮೊದಲು ನಡೆಸಿದಾಗಲೆಲ್ಲ ಕುರ್ಚಿಗಳು ಖಾಲಿ ಉಳಿಯುತ್ತಿದ್ದವಂತೆ. "ಶಾಲೆ ಕರೆದರೆ ಬರುವುದಿಲ್ಲ. ನೀವು ಕರೆದರೆ ಬರಬಹುದು," ಎಂದರು.

ನಾನು ಕನ್ನಡದವರಿಗೂ ತೆಲುಗಿನವರಿಗೂ ಫೋನ್ ಹಚ್ಚಿದೆ. ಬೇಡ ಬೇಡ ಎನ್ನುತ್ತಿದ್ದ ಫ್ಲೇವಿಯಾ, ಪೂರ್ವಿ ಅವಳ ಮಗನಿಗೆ ಬಸ್ ಸ್ಟಾಪಿನಲ್ಲಿ ಜೋರು ಮಾಡುವುದನ್ನು ಕಿವಿಯಾರೆ ಕೇಳಿದ ಮೇಲೆ, ತನ್ನ ಚರ್ಚಿನ ಮನೆಗಳಿಗೆಲ್ಲ ತಾನೇ ಹೋಗಿ ಬಂದಳು. ಸುಧಾಕರ್ ಇಂಡಿಯನ್ ಅಂಗಡಿಯ ಸಾಲಿನಲ್ಲಿ ನಿಂತವರನ್ನೂ ಬಿಡಲಿಲ್ಲ.

"ಮ್ಯಾಥ್‌ನಲ್ಲಿ ಟಾಪ್‌ನಲ್ಲಿದ್ದಾನೆ ಸಾರ್ ನಮ್ಮ ಮಗ. ಏನೂ ಪ್ರಾಬ್ಲಂ ಇಲ್ಲ. ನಾವ್ಯಾಕೆ ಬರ್ಬೇಕು?" ಎಂದು ಬೆಂಗಳೂರಿನ ಒಬ್ಬರು ಕೇಳಿದರು.

"ನಮ್ಮ ಮಗಳಿಗೂ ಏನೂ ಪ್ರಾಬ್ಲಂ ಇರ್ಲಿಲ್ಲ," ಎಂದರು ಸುಧಾಕರ್. "ಮಾತಾಡ್ತಿರ್ಲಿಲ್ಲ, ಅಷ್ಟೆ."

ಅವರು ಬಂದರು. ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಬಂದರು.

ಆ ಸಂಜೆ ಕೆಫೆಟೇರಿಯಾದ ಬಾಗಿಲಲ್ಲಿ ನಿಂತು ನೋಡಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಮಕ್ಕಳು ಊಟ ಮಾಡುವ ಆ ಮೇಜುಗಳಲ್ಲಿ ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಸೀರೆ, ಸಲ್ವಾರ್, ಆಫೀಸಿನ ಟ್ಯಾಗ್ ಕೊರಳಲ್ಲಿದ್ದ ಅಪ್ಪಂದಿರು, ನೇಪಾಳದ ಒಂದು ಇಡೀ ಕುಟುಂಬ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು. ಒಂದು ಬದಿಗೆ ಟೀಚರುಗಳು. ಮಿಸೆಸ್ ಹಾನ್ ಭಾಷಣ ಮಾಡಲಿಲ್ಲ. "ನಿಮ್ಮ ಮಗುವಿನ ಬಗ್ಗೆ ಟೀಚರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಿ. ಮೊದಲು ನಿಮ್ಮ ಭಾಷೆಯಲ್ಲಿ, ಆಮೇಲೆ ಬಂದ ಹಾಗೆ ಇಂಗ್ಲಿಷಿನಲ್ಲಿ," ಎಂದಷ್ಟೇ ಹೇಳಿ ಸುಧಾಕರರತ್ತ ನೋಡಿದರು.

ಸುಧಾಕರ್ ಎದ್ದರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

"ಪೂರ್ವಿ ರಾತ್ರಿ ಮಲಗುವ ಮೊದಲು ಕ್ಲಾಸಿನ ಎಲ್ಲ ಮಕ್ಕಳ ಹೆಸರು ಹೇಳಿ ಒಬ್ಬೊಬ್ಬರಿಗೂ ಗುಡ್ ನೈಟ್ ಹೇಳ್ತಾಳೆ. ಕೊನೆಗೆ ಟೀಚರಿಗೆ," ಎಂದರು ಕನ್ನಡದಲ್ಲಿ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿ, "ಶಾಲೆಯಲ್ಲಿ ಒಂದು ಮಾತೂ ಆಡದಿದ್ದಾಗಲೂ ಹೇಳ್ತಿದ್ದಳು," ಎಂದು ಸೇರಿಸಿದರು.

ಮಿಸೆಸ್ ಡಾಲ್ಟನ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಮೈಕ್ ಕೈಯಿಂದ ಕೈಗೆ ಹೋಯಿತು. ಒಬ್ಬ ಚೀನೀ ತಾಯಿ, ತನ್ನ ಮಗ ಸ್ನಾನ ಮಾಡುವಾಗ ಮಾತ್ರ ಅಜ್ಜನ ಹಳ್ಳಿಯ ಭಾಷೆಯಲ್ಲಿ ಹಾಡುತ್ತಾನೆ ಎಂದಳು. ನೇಪಾಳದ ತಂದೆ, ಮಗಳು ದಿನವೂ ತನಗೆ ಇಂಗ್ಲಿಷ್ ಓದಿಸುತ್ತಾಳೆ, ತಪ್ಪಿದರೆ ಕಿವಿ ಹಿಂಡುತ್ತಾಳೆ ಎಂದ. ಬೆಂಗಳೂರಿನ ಆ ಮನುಷ್ಯ ಎದ್ದು ನಿಂತು, ತಡವರಿಸಿ, "ನನ್ನ ಮಗನಿಗೆ ಮ್ಯಾಥ್ ಇಷ್ಟ ಇಲ್ಲ ಅನ್ಸುತ್ತೆ. ಅವ್ನಿಗೆ ಅಡುಗೆ ಇಷ್ಟ. ಇವತ್ತು ಯೋಚ್ನೆ ಮಾಡ್ದಾಗ್ಲೇ ಗೊತ್ತಾಗಿದ್ದು," ಎಂದು ಕೂತುಬಿಟ್ಟರು. ಒಂದೊಂದು ಭಾಷೆ ಎದ್ದು ನಿಂತಾಗಲೂ ಟೀಚರುಗಳು, ಅರ್ಥವಾಗದ ಆ ಮೊದಲ ಸಾಲನ್ನೂ, ತಲೆ ಬಾಗಿಸಿ ಕೇಳಿದರು. ಅಕ್ಕಪಕ್ಕದಲ್ಲೇ ಮನೆ ಮಾಡಿಕೊಂಡು, ಕಾರಿನ ಗಾಜು ಏರಿಸಿಕೊಂಡು ಓಡಾಡುವ ನಾವು ಒಬ್ಬರ ಮನೆಯೊಳಗೊಬ್ಬರು ಅಂದು ಹೊಕ್ಕು ಬಂದೆವು.

ಇನ್ನೇನು ಮುಗಿಯಿತು ಎನ್ನುವಾಗ ಮಕ್ಕಳ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಪೂರ್ವಿಯದು. ಇಷ್ಟು ಜನರ ಮುಂದೆ!

"ಮಕ್ಕಳೂ ಹೇಳಬಹುದಾ? ಅಪ್ಪನ ಬಗ್ಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೈಕ್ ಬೇಕಾಗಲಿಲ್ಲ. ಮಿಸೆಸ್ ಹಾನ್ ತಲೆಯಾಡಿಸಿದರು.

"ನನ್ನ ಅಪ್ಪ ಸ್ಕೂಲ್‌ಗೆ ಬರಕ್ಕೆ ಸ್ಕೇರ್ಡ್," ಎಂದಳು ಮೊದಲು ಕನ್ನಡದಲ್ಲಿ, ನಿಯಮದಂತೆ. ಆಮೇಲೆ ಇಂಗ್ಲಿಷಿನಲ್ಲಿ: "ಶಾಲೆಗೆ ಬಂದ ದಿನವೆಲ್ಲ ಅಪ್ಪ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು, ಶಾಲೆಯ ಆಫೀಸಿನವರಿಗೆ ಹಲೋ ಹೇಳುವುದು ಪ್ರಾಕ್ಟೀಸ್ ಮಾಡುತ್ತಾರೆ. ನಾನು ಕ್ಲಾಸಿನ ಕಿಟಕಿಯಿಂದ ಅವರ ಬಾಯಿ ನೋಡುತ್ತೇನೆ. ತುಂಬಾ ಸಲ ಹೇಳುತ್ತಾರೆ. ಆಮೇಲೆ ಬರುತ್ತಾರೆ."

ಇದು ನನಗೂ ಗೊತ್ತಿರಲಿಲ್ಲ. ಜನ ನಕ್ಕರು, ಆದರೆ ಆ ನಗು ಅರ್ಧಕ್ಕೇ ಮೆತ್ತಗಾಗಿ ನಿಂತಿತು. ಸುಧಾಕರ್ ತಲೆ ತಗ್ಗಿಸಿ, ಎರಡೂ ಕೈ ಎತ್ತಿ ತಪ್ಪೊಪ್ಪಿದವರಂತೆ ಕೂತಿದ್ದರು. ಮಗಳು ಓಡಿಬಂದು ಅವರ ಮಡಿಲಿಗೆ ಬಿದ್ದಳು.

ಗೋಡೆಯ ಬದಿಯಲ್ಲಿ ಕ್ಯಾಪ್ ಹಾಕಿಕೊಂಡು ಕೂತಿದ್ದ ಒಬ್ಬ ಕೊರಿಯನ್ ಮುದುಕರು ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಅವರು ಯೂನಾಳ ಅಜ್ಜ. ಮಿಸೆಸ್ ಹಾನ್ ಅವರ ಕಿವಿಯಲ್ಲಿ ಪೂರ್ವಿಯ ಮಾತನ್ನು ಹೇಳಿದರು. ಅವರು ಎಲ್ಲರಿಗಿಂತ ತಡವಾಗಿ ನಕ್ಕು, ತಮ್ಮ ಭಾಷೆಯಲ್ಲಿ ಏನೋ ಹೇಳಿದರು.

ಮಿಸೆಸ್ ಹಾನ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. "ನಾನೂ ಕಾರಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ ಎನ್ನುತ್ತಿದ್ದಾರೆ. ಆದರೆ ಇಳಿಯದೆ ಮನೆಗೆ ಹೋಗುತ್ತೇನೆ, ಈ ವರ್ಷವಿಡೀ."

ಮರುದಿನ ಬೆಳಿಗ್ಗೆ ಪೂರ್ವಿಯನ್ನು ನಾನೇ ಶಾಲೆಗೆ ಬಿಟ್ಟೆ. ಅವಳು ಇಳಿದು ಓಡಿದಳು. ಮುಂದಿನ ಕಾರುಗಳು ಸರಿಯಲಿ ಎಂದು ಕಾಯುತ್ತಿದ್ದಾಗ ಒಂದು ಬೂದು ಬಣ್ಣದ ಕಾರು ಸಾಲಿನಿಂದ ಹೊರಳಿ ಪಾರ್ಕಿಂಗ್ ಕಡೆಗೆ ಹೋಯಿತು. ಯೂನಾ ಇಳಿದಳು. ಸ್ಟಿಯರಿಂಗ್ ಬದಿಯ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ಅಜ್ಜ ಇಳಿದರು. ಅಂಗಿಯ ತೋಳು ಸರಿಮಾಡಿಕೊಂಡು, ಮೊಮ್ಮಗಳ ಕೈ ಹಿಡಿದು, ಶಾಲೆಯ ಬಾಗಿಲಲ್ಲಿ ನಿಂತಿದ್ದ ಮಿಸೆಸ್ ಡಾಲ್ಟನ್‌ರ ಎದುರು ಹೋಗಿ ನಿಂತು, ಕ್ಯಾಪ್ ತೆಗೆದು ಸೊಂಟದವರೆಗೆ ಬಾಗಿದರು. ಮಿಸೆಸ್ ಡಾಲ್ಟನ್ ಅವರಿಗಿಂತ ತಗ್ಗಾಗಿ ಬಾಗಿದರು. ಅಜ್ಜ ಏನು ಹೇಳಿದರೆಂದು ನನಗೆ ಕೇಳಿಸಲಿಲ್ಲ. ತುಟಿಗಳು ಅಲುಗಿದ್ದು ಮಾತ್ರ ಕಂಡಿತು. ಹಿಂದಿನ ಕಾರಿನವರು ಹಾರ್ನ್ ಹಾಕಿದಾಗಲೇ, ನನ್ನ ಮುಂದಿನ ಸಾಲು ಆಗಲೇ ಖಾಲಿಯಾಗಿದೆ ಎಂದು ನನಗೆ ತಿಳಿದದ್ದು.